ನಮ್ಮ ಹೆಸರಿಗೆ ಬಂದ ಬೇರೆಯವರ ಪೆಟ್ಟಿಗೆ

ಆ ಚಳಿಗಾಲದಲ್ಲಿ ನನ್ನ ಗಂಡನ ಮೂಗಿನಿಂದ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ರಕ್ತ ಬರುತ್ತಿತ್ತು. ಜರ್ಸಿ ಸಿಟಿಯಲ್ಲಿ ನಾವಿದ್ದದ್ದು ಹಳೆಯ ಇಟ್ಟಿಗೆ ಕಟ್ಟಡದ ನಾಲ್ಕನೇ ಮಹಡಿ. ಅಲ್ಲಿ ಹೀಟ್ ನಮ್ಮ ಕೈಯಲ್ಲಿರಲಿಲ್ಲ. ನೆಲಮಾಳಿಗೆಯ ಬಾಯ್ಲರ್ ತನಗೆ ತೋಚಿದಾಗ ಹಬೆ ಕಳಿಸುತ್ತಿತ್ತು, ರೇಡಿಯೇಟರ್ ಟಣಟಣ ಬಡಿದುಕೊಳ್ಳುತ್ತಿತ್ತು, ಮನೆಯೊಳಗಿನ ಗಾಳಿ ಒಣಗಿಹೋಗಿ ಮಾತಾಡಿದರೆ ತುಟಿ ಸೀಳುತ್ತಿತ್ತು. ಡಾಕ್ಟರು ಒಂದು ಹ್ಯುಮಿಡಿಫೈಯರ್ ತಗೊಳ್ಳಿ ಅಂದರು. ನೀರು ತುಂಬಿಟ್ಟರೆ ಗಾಳಿಗೆ ತೇವ ಬಿಡುವ ಸಣ್ಣ ಯಂತ್ರ.

2000ದ ಹೊಸವರ್ಷಕ್ಕೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆ ಮುಗಿದು ಆಗ ಕೆಲವೇ ವಾರಗಳಾಗಿತ್ತು. ನಾನು ನದಿ ದಡದ ಒಂದು ಗಾಜಿನ ಕಟ್ಟಡದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ನನ್ನ ಗಂಡ ಮೈಸೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದವನು. ಇಲ್ಲಿ ನನ್ನ ವೀಸಾದ ಮೇಲೆ ಬಂದಿದ್ದ, ಕೆಲಸ ಮಾಡುವ ಹಾಗಿರಲಿಲ್ಲ. ನಮ್ಮವರ ಪಾರ್ಟಿಗಳಲ್ಲಿ ಅವನನ್ನು ಎಲ್ಲರೂ ಮೊದಲು ಕೇಳುತ್ತಿದ್ದದ್ದು "ಎಲ್ಲಿ ಕೆಲಸ?" ಅಂತಲೇ. ಅವನು "ಅಡುಗೆಮನೆಯಲ್ಲಿ" ಎಂದು ನಕ್ಕು, ಮನೆಗೆ ವಾಪಸಾಗುವಾಗ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ.

ಇಂಟರ್ನೆಟ್ಟಿನಲ್ಲಿ ಸಾಮಾನು ತರಿಸುವುದು ಆಗಿನ್ನೂ ಹೊಸದು. ದಿನಕ್ಕೊಂದರಂತೆ ಡಾಟ್ ಕಾಮ್ ಅಂಗಡಿ ಹುಟ್ಟುತ್ತಿದ್ದ ಕಾಲ. ಅಂಥದ್ದೊಂದರಲ್ಲಿ ಅವನು ನನ್ನ ಹೆಸರಿನಲ್ಲಿ, ನನ್ನ ಕಾರ್ಡಿನಿಂದ ಹ್ಯುಮಿಡಿಫೈಯರ್ ಆರ್ಡರ್ ಮಾಡಿದ. ಮಂಗಳವಾರ ನಾನು ಆಫೀಸಿನಿಂದ ಬಂದಾಗ ಪೆಟ್ಟಿಗೆ ಊಟದ ಮೇಜಿನ ಮೇಲಿತ್ತು. ಅವನು ಬಿಚ್ಚಿರಲಿಲ್ಲ.

"ಎತ್ತಿ ನೋಡು, ಏನೋ ಸರಿಯಿಲ್ಲ," ಎಂದ.

ಬಿಚ್ಚಿದರೆ ಒಳಗಿದ್ದದ್ದು ಲ್ಯಾಪ್‌ಟಾಪ್. ನನ್ನ ಆಫೀಸಿನಲ್ಲಿ ದೊಡ್ಡ ಮ್ಯಾನೇಜರುಗಳು ಮಾತ್ರ ಹಿಡಿದು ತಿರುಗುತ್ತಿದ್ದಂಥದ್ದು. ಅದರ ಮೇಲಿಟ್ಟಿದ್ದ ಚೀಟಿಯಲ್ಲಿ ಮಾತ್ರ ಹ್ಯುಮಿಡಿಫೈಯರ್, ಒಂದು, ಎಂದೇ ಇತ್ತು. ಹೆಸರು ನಮ್ಮದೇ, ವಿಳಾಸ ನಮ್ಮದೇ.

ಅವನು ಅದರ ಮುಚ್ಚಳ ಎತ್ತಿ, ಕೀಲಿಗಳ ಮೇಲೆ ಬೆರಳಾಡಿಸಿದ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಕಂಪ್ಯೂಟರ್ ಕೋರ್ಸ್ ಮಾಡಿ, ಮುಂದೆ ತಾನೂ ಒಂದು ಕೆಲಸ ಹಿಡಿಯಬೇಕೆಂದು ಯಾರದೋ ಹಳೆಯ ಡೆಸ್ಕ್‌ಟಾಪಿನಲ್ಲಿ ಒದ್ದಾಡುತ್ತಿದ್ದವನು.

"ನಾವೇನು ಕದ್ದಿಲ್ಲವಲ್ಲ," ಎಂದ.

"ನಮ್ಮದೂ ಅಲ್ಲವಲ್ಲ."

"ಅವರಿಗೆ ಗೊತ್ತೇ ಆಗದಿದ್ದರೆ?"

ಗ್ರೀನ್ ಕಾರ್ಡಿನ ಅರ್ಜಿ ಹಾಕಿ ನಾಲ್ಕು ತಿಂಗಳಾಗಿತ್ತು. ಪೊಲೀಸ್ ಎಂಬ ಮಾತು ಆ ಫೈಲಿನ ಹತ್ತಿರವೂ ಸುಳಿಯಬಾರದು ಎಂದೆ. ಅವನು ಲ್ಯಾಪ್‌ಟಾಪನ್ನು ಮೊದಲಿದ್ದ ಹಾಗೆಯೇ ಪೆಟ್ಟಿಗೆಗೆ ಸೇರಿಸಿದ. ನಾಳೆ ಅಂಗಡಿಗೆ ಫೋನ್ ಮಾಡುವುದು ಎಂದು ತೀರ್ಮಾನವಾಯಿತು.

ಮರುದಿನ ನನಗೆ ಮೀಟಿಂಗಿನ ಮೇಲೆ ಮೀಟಿಂಗ್, ಮಾಡಲಾಗಲಿಲ್ಲ. ಸಂಜೆ ಮನೆಗೆ ಬಂದರೆ ಅವನು ಗೆಲುವಾಗಿದ್ದ. "ಅವರೇ ಫೋನ್ ಮಾಡಿದ್ದರು. ಡೆಲಿವರಿ ಡಿಪಾರ್ಟ್‌ಮೆಂಟ್ ಅಂತೆ. ಪೆಟ್ಟಿಗೆ ಬದಲಾಗಿದೆ, ನಾಳೆ ಮಧ್ಯಾಹ್ನ ಒಬ್ಬರು ಬಂದು ತಗೊಂಡು ಹೋಗುತ್ತಾರಂತೆ."

ನನಗೂ ಎದೆ ಹಗುರಾಯಿತು. ಊಟಕ್ಕೆ ಕೂತ ಮೇಲೆ ಕೇಳಿದೆ: "ನೀನು ಅವರಿಗೆ ಮೊದಲು ಫೋನ್ ಮಾಡಿದ್ದೆಯಾ?"

"ಇಲ್ಲ."

"ಮತ್ತೆ ಬದಲಾಗಿದೆ ಅಂತ ಅವರಿಗೆ ಹೇಗೆ ಗೊತ್ತಾಯಿತು?"

"ಗೋಡೌನಿನಲ್ಲಿ ಒಂದು ಕಡಿಮೆ ಬಿದ್ದಿರಬೇಕು," ಎಂದ. ಆಮೇಲೆ ಅನ್ನ ಬಡಿಸಿಕೊಳ್ಳುತ್ತಾ, "ಆ ಫೋನಿಗಿಂತ ಮುಂಚೆ ಎರಡು ಸಲ ಫೋನ್ ಬಂದಿತ್ತು. ಎತ್ತಿದರೆ ಯಾರೂ ಮಾತಾಡಲಿಲ್ಲ. ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು," ಎಂದ.

ಗುರುವಾರ ಊಟದ ಬಿಡುವಿನಲ್ಲಿ ನಾನು ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಸಿಕ್ಕಳು. ನಮ್ಮ ಆರ್ಡರ್ ನಂಬರ್ ತೆಗೆದುಕೊಂಡು, "ನಿಮಗೆ ಹ್ಯುಮಿಡಿಫೈಯರ್ ತಲುಪಿದೆ ಅಂತಿದೆಯಲ್ಲ ಮೇಡಂ," ಎಂದಳು. ನಾನು ವಿವರಿಸಿದೆ. "ಇವತ್ತು ಮಧ್ಯಾಹ್ನ ನಿಮ್ಮವರು ಬಂದು ತಗೊಂಡು ಹೋಗುತ್ತಾರಂತಲ್ಲ?" ಎಂದೆ.

ಆ ಕಡೆ ಟೈಪ್ ಮಾಡುವ ಸದ್ದು ನಿಂತಿತು.

"ಮೇಡಂ, ನಾವು ಯಾರ ಮನೆಗೂ ಯಾರನ್ನೂ ಕಳಿಸುವುದಿಲ್ಲ."

ಅವಳು ಲೈನನ್ನು ಬೇರೊಬ್ಬನಿಗೆ ಕೊಟ್ಟಳು. ಅವನದು ನಿಧಾನದ ದನಿ. ಪೆಟ್ಟಿಗೆಯನ್ನು ಯಾರ ಕೈಗೂ ಕೊಡಬೇಡಿ ಎಂದ. ಏನು ಆರ್ಡರ್ ಮಾಡಿದ್ದಿರಿ, ಏನು ಬಂತು, ಯಾವತ್ತು ಬಂತು, ಯಾರು ಫೋನ್ ಮಾಡಿದರು, ಎಲ್ಲವನ್ನೂ ಪತ್ರದಲ್ಲಿ ಬರೆದು ಸರ್ಟಿಫೈಡ್ ಮೇಲ್‌ನಲ್ಲಿ, ಅಂದರೆ ರಿಜಿಸ್ಟರ್ಡ್ ಅಂಚೆಯಂಥದ್ದರಲ್ಲಿ ಕಳಿಸಿ, ನಕಲು ಇಟ್ಟುಕೊಳ್ಳಿ. ವಾಪಸು ಕಳಿಸುವ ಖರ್ಚು ನಮ್ಮದು, ನಮ್ಮ ವಿಳಾಸದ ಲೇಬಲ್ ಅಂಚೆಯಲ್ಲಿ ಬರುತ್ತದೆ. ಅದನ್ನು ಅಂಟಿಸಿ ನೀವೇ ಪಾರ್ಸೆಲ್ ಕೌಂಟರಿಗೆ ಹೋಗಿ ಕೊಟ್ಟು ರಸೀದಿ ತಗೊಳ್ಳಿ. ಇಷ್ಟು ಹೇಳಿ, ಕೊನೆಗೆ ಕೇಳಿದ: "ಈಗ ಮನೆಯಲ್ಲಿ ಯಾರಿದ್ದಾರೆ?"

ನಾನು ಫೋನ್ ಇಟ್ಟು ಮನೆಯ ನಂಬರು ಒತ್ತಿದೆ. ಎಂಗೇಜ್. ಮತ್ತೆ ಒತ್ತಿದೆ. ಎಂಗೇಜ್. ಅವನು ಇಂಟರ್ನೆಟ್ ಹಾಕಿಕೊಂಡು ಕೂತಿದ್ದಾನೆ, ಇರುವುದೊಂದೇ ಲೈನ್. ಮ್ಯಾನೇಜರಿಗೆ ಏನೋ ಒಂದು ಹೇಳಿ ಕೋಟು ಹಾಕಿಕೊಂಡು ಓಡಿದೆ. ನಾಲ್ಕೇ ಸ್ಟೇಷನ್ನಿನ ದಾರಿ, ಸುರಂಗದ ನಡುವೆ ಟ್ರೇನ್ ನಿಂತಿತು. ಎದುರು ಕೂತಿದ್ದವನು ಪೇಪರಿನ ಹಾಳೆ ತಿರುಗಿಸಿದಾಗಲೆಲ್ಲ ನಾನು ಬೆಚ್ಚುತ್ತಿದ್ದೆ.

ನಮ್ಮ ಕಟ್ಟಡದ ಮುಂದೆ ಒಂದು ಬಿಳಿ ವ್ಯಾನ್ ನಿಂತಿತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ನಾನು ಬಾಗಿಲಿಗೆ ಕೈ ಹಾಕುವ ಹೊತ್ತಿಗೆ ಒಳಗಿನಿಂದ ಕಂದು ಜಾಕೆಟ್ಟಿನವನೊಬ್ಬ ಹೊರಗೆ ಬಂದ. ಒಂದು ಕೈಯಲ್ಲಿ ಕ್ಲಿಪ್‌ಬೋರ್ಡ್, ಇನ್ನೊಂದು ಕಂಕುಳಲ್ಲಿ ಪೆಟ್ಟಿಗೆ. ನಮ್ಮ ಮನೆಗೆ ಬಂದಿತ್ತಲ್ಲ, ಅದೇ ಅಂಗಡಿಯ ಟೇಪು ಸುತ್ತಿದ ಪೆಟ್ಟಿಗೆ. ಅವನು ಬಾಗಿಲನ್ನು ಭುಜದಿಂದ ಒತ್ತಿ ಹಿಡಿದು, ನನಗೆ ದಾರಿ ಬಿಟ್ಟು, "ಹ್ಯಾವ್ ಎ ಗುಡ್ ಒನ್," ಎಂದ. ನನ್ನ ಮುಖವನ್ನು ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದ.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ನನ್ನ ಗಂಡ ಚೈನ್ ಹಾಕಿದ ಬಾಗಿಲಿನ ಸಂದಿಯಿಂದ ಇಣುಕಿ, ನಾನೆಂದು ಗೊತ್ತಾದ ಮೇಲೆ ತೆಗೆದ. ಪೆಟ್ಟಿಗೆ ಮೇಜಿನ ಮೇಲೆಯೇ ಇತ್ತು.

"ಕೊಡಲಿಲ್ಲ," ಎಂದ. "ಅವನ ಕಾಗದದಲ್ಲಿ ಅಂಗಡಿಯ ವಿಳಾಸವೇ ಇರಲಿಲ್ಲ. ನಿಮ್ಮ ಹೆಸರು ಬರೆದುಕೊಡಿ ಅಂದೆ, ನಕ್ಕ. ಆರ್ಡರ್ ನನ್ನ ಹೆಂಡತಿಯ ಹೆಸರಿನಲ್ಲಿದೆ, ಅವಳು ಬಂದ ಮೇಲೆ ಬನ್ನಿ ಅಂದೆ. ಆಗ ಅವನು..."

"ಏನಂದ?"

"'ನೀವು ವೀಸಾ ಮೇಲಿದ್ದೀರಲ್ಲವಾ? ನಿಮಗೆ ತೊಂದರೆ ಬೇಡ,' ಅಂದ. ಬಹಳ ಮರ್ಯಾದೆಯಿಂದ ಹೇಳಿದ."

ನಾವಿಬ್ಬರೂ ಕಿಟಕಿಯ ಪಕ್ಕ ನಿಂತು ನೋಡಿದೆವು. ವ್ಯಾನ್ ಇನ್ನೂ ಅಲ್ಲೇ ಇತ್ತು. ಐದರ ಹೊತ್ತಿಗೆ ಬೆಳಕು ಇಳಿದು, ಬೀದಿ ದೀಪ ಹತ್ತಿದ ಮೇಲೆ ಹೊರಟಿತು. ಅವನ ಕಂಕುಳಲ್ಲಿದ್ದ ಪೆಟ್ಟಿಗೆ ಹಾಗಾದರೆ ಯಾರದು ಎಂಬ ಪ್ರಶ್ನೆ ಇಬ್ಬರ ಮನಸ್ಸಿನಲ್ಲೂ ಇತ್ತು. ಇಬ್ಬರೂ ಆಡಲಿಲ್ಲ. ಅಂದೇ ಕೂತು ಪತ್ರ ಬರೆದು, ಬೆಳಿಗ್ಗೆ ಪೋಸ್ಟ್ ಆಫೀಸಿಗೆ ಹೋಗಿ ಕಳಿಸಿದೆವು.

"ನಮ್ಮದು ಮೊದಲು ಮುಗಿಯಲಿ. ಅಲ್ಲಿಯವರೆಗೆ ಯಾರಿಗೂ ಹೇಳಬೇಡ," ಎಂದ ನನ್ನ ಗಂಡ. ನನಗೂ ಅದೇ ಸರಿ ಅನ್ನಿಸಿತು.

ಎರಡನೇ ಮಹಡಿಯಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವಿತ್ತು. ಗಂಡ ಕಾಂಟ್ರ್ಯಾಕ್ಟಿನ ಮೇಲೆ ಪ್ರೋಗ್ರಾಮಿಂಗ್ ಮಾಡುತ್ತಿದ್ದರು, ಶಾಲೆಗೆ ಹೋಗುವ ಒಬ್ಬಳು ಮಗಳು. ಆಂಟಿಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು. ನಾವು ಮನೆಗೆ ಬಂದ ಮೊದಲ ವಾರ, ಒಲೆಯ ಗ್ಯಾಸ್ ಸಂಪರ್ಕವಿಲ್ಲದಾಗ, ಮೂರು ದಿನ ರೊಟ್ಟಿ ಪಲ್ಯ ಕೊಟ್ಟು ಕಳಿಸಿದವರು. ಶನಿವಾರ ನಾನು ಬಟ್ಟೆ ಒಗೆಯಲು ಕೆಳಗೆ ಹೋಗುವಾಗ ಮೆಟ್ಟಿಲ ಮೇಲೆ ಸಿಕ್ಕರು.

"ಯಾಕವಾ, ಮಾರಿ ಬಾಡೇತಿ? ಆರಾಮ ಇದ್ದೀಯಿಲ್ಲೋ?"

"ಕೆಲಸ ಜಾಸ್ತಿ ಆಂಟಿ."

"ನಮ್ಮ ಮನ್ಯಾಗೂ ಈ ವಾರ ಒಂದು ಗದ್ದಲ ಆತು ನೋಡು. ಮಗಳಿಗೆ ಟೇಬಲ್ ಲ್ಯಾಂಪ್ ತರಸಿದ್ವಿ, ಅದರ ಬದಲಿ ಲ್ಯಾಪ್‌ಟಾಪ್ ಬಂತು! ಪುಣ್ಯಾಕ್ಕ ಗುರುವಾರ ಅವರ ಮನಷ್ಯಾನ ಬಂದು ಒಯ್ದ. ಸಹಿ ಮಾಡಿ ಕೊಟ್ಟೆ. ಇನ್ನೊಂದು ತಪ್ಪಿ ಬರಬಹುದಂತ, ಬಂದ್ರ ಇಟ್ಕೋರಿ, ಮತ್ತ ಬರ್ತೀನಿ ಅಂದಾನ. ಪಾಪ, ಛಲೋ ಮನಷ್ಯಾ."

ಕೆಳಗಿನಿಂದ ಮಗಳು "ಮಾಮ್, ವಿ ಆರ್ ಲೇಟ್!" ಎಂದು ಕೂಗಿದಳು. ಆಂಟಿ "ಬಂದೆ, ಬಂದೆ," ಎನ್ನುತ್ತ ನನ್ನ ಮುಖ ನೋಡಿದರು, ನಾನೇನೋ ಹೇಳುತ್ತೇನೆಂಬಂತೆ.

"ಹೌದಾ ಆಂಟಿ," ಎಂದೆ. ಅಷ್ಟೇ ಹೇಳಿದ್ದು. ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಕೆಳಗಿಳಿದೆ.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವರು ಈಗಾಗಲೇ ಸಹಿ ಹಾಕಿಬಿಟ್ಟಿದ್ದರು. ನಾನು ಬಾಯಿ ಬಿಟ್ಟರೆ ಅವರ ಸಹಿಯೂ ನಮ್ಮ ಪತ್ರವೂ ಒಂದೇ ಕಥೆಯಾಗುತ್ತದೆ, ನಮ್ಮ ಫೈಲು ಅವರ ತೊಂದರೆಗೆ ಅಂಟಿಕೊಳ್ಳುತ್ತದೆ ಎಂದು ಆ ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ್ದೆ. ಭಯವಾಗಿತ್ತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಭಯದ ನಡುವೆಯೂ ನನ್ನ ಬುದ್ಧಿ ಚುರುಕಾಗಿಯೇ ಇತ್ತು.

ಮುಂದಿನ ಬುಧವಾರ ನಮ್ಮ ಲೇಬಲ್ ಬಂತು. ನಾವಿಬ್ಬರೂ ಹೋಗಿ ಪೆಟ್ಟಿಗೆಯನ್ನು ಕೌಂಟರಿನಲ್ಲಿ ಕೊಟ್ಟು, ರಸೀದಿ ಪಡೆದು, ಪತ್ರದ ನಕಲಿನೊಂದಿಗೆ ಇಟ್ಟೆವು. ಅದೇ ವಾರ ಆಂಟಿಯ ಮನೆಗೆ, ಅವರು ಆರ್ಡರೇ ಮಾಡದಿದ್ದ ಎರಡನೇ ಪೆಟ್ಟಿಗೆ ಬಂದಿತ್ತು ಎಂದು ಆಮೇಲೆ ತಿಳಿಯಿತು. ಕಂದು ಜಾಕೆಟ್ಟಿನವನು ಹೇಳಿದಂತೆಯೇ ಬಂದು ಒಯ್ದಿದ್ದ. ಆಂಟಿ ಅವನಿಗೆ ಚಹಾ ಕೂಡ ಕೊಟ್ಟಿದ್ದರು.

ಮೂರು ವಾರದ ನಂತರ, ಅಂಗಡಿಗೆ ನಾವು ಬರೆದ ಪತ್ರದ ಜಾಡು ಹಿಡಿದು ಇಬ್ಬರು ಮಫ್ತಿ ಪೊಲೀಸರು ಬಂದರು. ನಮ್ಮ ಮನೆಯಲ್ಲಿ ಅವರು ಕೂತದ್ದು ಹತ್ತು ನಿಮಿಷ. ನಮ್ಮ ಕಾಗದಗಳನ್ನು ನೋಡಿ, "ನೀವು ಮಾಡಿದ್ದು ಸರಿಯಾಗಿದೆ," ಎಂದು ಹಿರಿಯವನು ಮಡಿಚಿ ವಾಪಸು ಕೊಟ್ಟ. ಗೋಡೌನಿನೊಳಗಿನವನೊಬ್ಬ ಬೆಲೆಬಾಳುವ ಸಾಮಾನಿಗೆ ಅಗ್ಗದ ಆರ್ಡರುಗಳ ಚೀಟಿ ಅಂಟಿಸಿ ಕಳಿಸುತ್ತಿದ್ದನಂತೆ, ಹೊರಗಿನವನೊಬ್ಬ ಮನೆಮನೆಗೆ ಹೋಗಿ ಸಂಗ್ರಹಿಸುತ್ತಿದ್ದನಂತೆ.

"ನಮ್ಮ ಮನೆಯೇ ಯಾಕೆ?" ಎಂದು ನನ್ನ ಗಂಡ ಕೇಳಿದ.

ಹಿರಿಯವನು ಏಳುತ್ತಾ ಹೇಳಿದ: "ಅವರು ಹೆಸರು ನೋಡಿ ಆರಿಸುತ್ತಿದ್ದರು. ಪೊಲೀಸರಿಗೆ ಫೋನ್ ಮಾಡಲು ಹೆದರುವವರ ಹೆಸರುಗಳನ್ನು."

ಹೊರಡುವಾಗ ಇನ್ನೊಬ್ಬ ಕೇಳಿದ: "ಈ ಕಟ್ಟಡದಲ್ಲಿ ಬೇರೆ ಯಾರಿಗಾದರೂ ಹೀಗೆ ಬಂದದ್ದು ನಿಮಗೆ ಗೊತ್ತಿತ್ತಾ?" ನನ್ನ ಗಂಡ ನನ್ನನ್ನು ನೋಡಿದ. ಎರಡನೇ ಮಹಡಿಯವರು ನನಗೆ ಹೇಳಿದ್ದರು ಎಂದೆ. ಯಾವಾಗ ಎಂದು ಕೇಳಿದ. ಅದನ್ನೂ ಹೇಳಿದೆ. ಅವನು ಬರೆದುಕೊಂಡ.

ಆಂಟಿಯ ಮನೆಯಲ್ಲಿ ಅವರು ಮೂರು ಗಂಟೆ ಇದ್ದರು. ಎರಡು ಪೆಟ್ಟಿಗೆ, ಎರಡೂ ಕಾಗದದ ಮೇಲೆ ಆಂಟಿಯ ಸಹಿ, ಅಂಗಡಿಗೆ ಒಂದು ಫೋನೂ ಇಲ್ಲ. ಇವರೂ ಆ ಗುಂಪಿನವರೇ ಇರಬಹುದೇ ಎಂಬ ಅನುಮಾನ ಹುಟ್ಟಲು ಅಷ್ಟು ಸಾಕಾಯಿತು. ಅಂಕಲ್ ಕೆಲಸ ಮಾಡುತ್ತಿದ್ದ ಕಡೆಗೆ ಸುದ್ದಿ ಮುಟ್ಟಿ, ವಿಷಯ ತೀರ್ಮಾನವಾಗುವವರೆಗೆ ಬರಬೇಡಿ ಎಂದರು. ಕಾಂಟ್ರ್ಯಾಕ್ಟ್ ಇಲ್ಲದಿದ್ದರೆ ವೀಸಾ ಇಲ್ಲ. ಅವರು ವಕೀಲನನ್ನು ಹಿಡಿದರು. ಮೆಟ್ಟಿಲ ಮೇಲೆ ಆಂಟಿಯ ದನಿ ಕೇಳುವುದು ನಿಂತಿತು. ಮಗಳು ಮಾತ್ರ ಒಬ್ಬಳೇ ತಲೆ ತಗ್ಗಿಸಿಕೊಂಡು ಶಾಲೆಗೆ ಹೋಗಿ ಬರುತ್ತಿದ್ದಳು. ನಾನು ಎರಡು ಸಲ ಅವರ ಬಾಗಿಲಿನವರೆಗೆ ಹೋಗಿ, ಬೆಲ್ ಒತ್ತದೆ ವಾಪಸು ಬಂದೆ.

ಬೇಸಿಗೆಯ ಹೊತ್ತಿಗೆ ಅವರ ತಪ್ಪೇನೂ ಇಲ್ಲವೆಂದು ತೀರ್ಮಾನವಾಯಿತು. ಗೋಡೌನಿನವನು ಸಿಕ್ಕಿಬಿದ್ದಿದ್ದ. ಕ್ಲಿಪ್‌ಬೋರ್ಡ್ ಹಿಡಿದವನು ಸಿಗಲೇ ಇಲ್ಲ. ಅಂಕಲ್‌ಗೆ ಹಳೆಯ ಕೆಲಸ ವಾಪಸು ಬರಲಿಲ್ಲ, ಕೊನೆಯ ಗಳಿಗೆಯಲ್ಲಿ ದೂರದ ರಾಜ್ಯದಲ್ಲೆಲ್ಲೋ ಒಂದು ಸಿಕ್ಕಿತು.

ಅವರು ಹೊರಟ ದಿನ ಭಾನುವಾರ. ಬಾಡಿಗೆ ಟ್ರಕ್ಕಿಗೆ ಸಾಮಾನು ಏರಿಸುತ್ತಿದ್ದರು. ನನ್ನ ಗಂಡ ಹೋಗಿ ಮಂಚದ ಒಂದು ತುದಿ ಹಿಡಿದ. ಅಂಕಲ್ ಬೇಡ ಎನ್ನಲಿಲ್ಲ. ಆಂಟಿ ಕಾರಿನಲ್ಲಿ ಕೂತಿದ್ದರು. ನಾನು ಹತ್ತಿರ ಹೋದೆ.

"ಪೊಲೀಸರು ಹೇಳಿದ್ರು," ಎಂದರು, ನನ್ನ ಕಡೆ ನೋಡದೆ. "ಮೆಟ್ಟಿಲ ಮ್ಯಾಲ ನಾ ಹೇಳಿದಾಗ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು ಆಂಟಿ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಅಳುವುದಕ್ಕಾದರೂ ಆಗುತ್ತಿತ್ತು. "ಒಂದು ಮಾತು," ಎಂದರು. "ಒಂದ ಮಾತು ಹೇಳಿದ್ರ ಆಗ್ತಿತ್ತು." ಆಮೇಲೆ ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಬೆಲ್ಟ್ ಹಾಕಿಕೊಳ್ಳಲು ಹೇಳಿ, ಕಿಟಕಿಯ ಗಾಜು ಏರಿಸಿದರು.

ಈಗ ಯಾರಾದರೂ ತಮಗೆ ತಪ್ಪಿ ಏನೋ ಬಂದಿದೆ ಎಂದು ಕೇಳಿದರೆ, ನಾನು ಎಲ್ಲವನ್ನೂ ಕ್ರಮವಾಗಿ ಹೇಳಿಕೊಡುತ್ತೇನೆ. ಫೋನು, ಪತ್ರ, ನಕಲು, ಲೇಬಲ್, ರಸೀದಿ. ನಿಮಗೆ ಇದೆಲ್ಲ ಎಷ್ಟು ಚೆನ್ನಾಗಿ ಗೊತ್ತು ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ನನ್ನ ಗಂಡ ಸದ್ದಿಲ್ಲದೆ ಎದ್ದು ಒಳಗೆ ಹೋಗುತ್ತಾನೆ.