ಕೆಂಪಿನಾಚೆಯ ಕಾವು

"ಕೆಂಡ ಕೆಂಪಗಿದ್ರೆ ಮಾತ್ರ ಬಿಸಿ ಅಂದ್ಕೊಂಡಿದ್ದೀಯೇನೆ? ಹುಚ್ಚಿ! ಕೆಂಪು ಆರಿ, ಬೂದಿ ಹೊದ್ದು, ಸತ್ತೋದಂಗೆ ಮಲಗಿರ್ತದಲ್ಲ, ಆಗ ಮುಟ್ಟು, ಬೊಬ್ಬೆ ಬರ್ತದೆ. ಕಣ್ಣಿಗೇನು ಗೊತ್ತು? ಬಣ್ಣ ನೋಡ್ತದೆ, ಅಷ್ಟೇಯ. ಕಾವು ಕಾಣೋದಲ್ಲ ಕಣಮ್ಮ, ತಾಗೋದು. ಮಗೀನ ಕಾಯಿಸೋವಾಗ ಅಂಗೈ ಇಡಬೇಡ. ಪಾತ್ರೆ ತಿಕ್ಕಿ ತಿಕ್ಕಿ ಅಂಗೈ ಜಡ್ಡುಗಟ್ಟಿರ್ತದೆ. ಹಿಂಗೈ ಇಡು. ಹಿಂಗೈಗೆ ಹಿತ ಅನ್ಸಿದ್ರೆ ಮಗೀಗೂ ಹಿತ. ಯಾರಾದ್ರೂ ಬಂದು, ದೀಪ ಉರೀತಾ ಐತೆ, ಒಲೆ ಉರೀತಾ ಐತೆ, ಮಗ ಬೆಚ್ಚಗವನೆ ಅಂದ್ರೆ ಹೂಂ ಅನ್ನು. ಅವರ ಮನಸ್ಯಾಕೆ ನೋಯಿಸ್ಬೇಕು? ಆದ್ರೆ ಅವರು ಅತ್ತ ಹೋದ ಮೇಲೆ ಕೈಯಿಟ್ಟು ನೋಡು. ನಿಮ್ಮಪ್ಪನೇ ಹೇಳ್ಲಿ, ನಿನ್ನ ಗಂಡನೇ ಹೇಳ್ಲಿ, ಕೈಯಿಟ್ಟು ನೋಡು."

ಯಡಿಯೂರಿನ ಅಕ್ಕಯಮ್ಮ ಬಾಣಂತಿಯರಿಗೆ ಹೀಗೆ ಹೇಳುತ್ತಿದ್ದಳು. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅಗ್ಗಿಷ್ಟಿಕೆಗೆ ಕೆಂಡ ತುಂಬಿ, ತಾಯಿಯ ಸೊಂಟಕ್ಕೂ ಮಗುವಿನ ನೆತ್ತಿಗೂ ಕಾವು ಕೊಡುವವಳು ಅವಳೇ. ಕೇಳುವವರು ನಗುತ್ತಿದ್ದರು. "ನಿಮ್ಮದು ಕೈಯೋ ಜ್ವರದ ಕಡ್ಡಿಯೋ ಅಕ್ಕಯಮ್ಮನೋರೇ?" ಎಂದು ಛೇಡಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಆ ಮಾತು ಅವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ಅವಳ ಗಂಡ ಚಿಕ್ಕಬೈರಪ್ಪನದು ಕೆರೆಯ ಕೆಳಗಿನ ರಾಗಿಹೊಲ. ಜಯನಗರದ ಬಡಾವಣೆಗೆ ಅದು ಹೋಯಿತು. ಹೊಲದ ತುಂಬ ಸೈಟಿನ ಕಲ್ಲು ನೆಟ್ಟ ಮೇಲೆ ಅವನು ಕೆಲವು ಕಾಲ ಕೈಕಟ್ಟಿ ಕೂತ. ಆಮೇಲೆ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿ ಬಿಳಿ ಕೋಳಿ ಸಾಕಲು ಹೊರಟ. ಅದು ಅರವತ್ತೆರಡನೇ ಇಸವಿಯೋ ಅರವತ್ತಮೂರೋ ಇರಬೇಕು. ತಾಯಿಯಿಲ್ಲದ ಮರಿಗಳನ್ನು ಬೆಚ್ಚಗಿಡಲು ಒಂದು ಬಲ್ಬು ಕೊಡಿಸಿದವನು ಅನಂತರಾಮು, ಕೋಳಿ ಸಾಕುವುದನ್ನು ಹೇಳಿಕೊಡಲು ಬರುತ್ತಿದ್ದ ಸರ್ಕಾರದ ಹುಡುಗ. ಜಯನಗರದ ಹೊಸ ಮನೆಯವನು.

ಬಲ್ಬು ಸೋರೆಬುರುಡೆಯಂತೆ ದಪ್ಪಗಿತ್ತು. ಹಚ್ಚಿದರೆ ಕೆಂಪಗೆ ಉರಿಯುತ್ತಿತ್ತು. ಮರಿಗಳೆಲ್ಲ ಅದರ ಕೆಳಗೆ ರೊಟ್ಟಿಯಂತೆ ದುಂಡಗೆ ಹರಡಿ ಮಲಗಿದ್ದನ್ನು ಕಂಡು ಅಕ್ಕಯಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಇದೇನು ಸ್ವಾಮಿ, ಬಲ್ಬೇ ಕಾವಿಗೆ ಕೂತಂಗದಲ್ಲ!"

"ಕಾಣೋ ಕೆಂಪಿಂದಲ್ಲ ಅಮ್ಮ," ಅಂದ ಅನಂತರಾಮು. "ಕೆಂಪಿನಾಚೆ ಇನ್ನೊಂದು ಬೆಳಕಿದೆ. ಕಣ್ಣಿಗೆ ಕಾಣಲ್ಲ. ಕಾವು ಕೊಡೋದು ಅದು. ನಮ್ಮಮ್ಮನ ಮಂಡಿನೋವಿಗೆ ಆಸ್ಪತ್ರೇಲಿ ಇಂಥದ್ದೇ ದೀಪ ಹಿಡೀತಾರೆ. ಕಾರ್ಖಾನೇಲಿ ಕಾರಿನ ಬಣ್ಣ ಒಣಗಿಸ್ತಾರೆ. ಆ ಬೆಳಕನ್ನ ಹಿಡಿಯೋ ಫಿಲ್ಮ್ ಹಾಕಿ, ಕಣ್ಣಿಗೆ ಮಸುಕಾಗಿರೋ ದೂರದ ಬೆಟ್ಟದ ಫೋಟೋನೂ ತೆಗೀತಾರೆ. ಕೆಲವು ಹಾವಿಗೆ ಕತ್ತಲಲ್ಲೂ ಇಲಿ ಎಲ್ಲಿದೆ ಅಂತ ಆ ಕಾವಿಂದಲೇ ಗೊತ್ತಾಗುತ್ತೆ."

"ಇಲಿ ಮೈಯಾಗೂ ಆ ಬೆಳಕೈತಾ?"

"ನಿಮ್ಮ ಮೈಯಲ್ಲೂ ಇದೆ. ಬೆಚ್ಚಗಿರೋ ಎಲ್ಲದರಲ್ಲೂ ಇದೆ."

"ಕೇಳಿದ್ಯಾ," ಎಂದು ಅವಳು ಗಂಡನ ಕಡೆ ತಿರುಗಿದಳು, "ಇಷ್ಟು ವರ್ಷ ಮನೇಲಿ ದೀಪ ಇಟ್ಕೊಂಡು ಸೀಮೆಎಣ್ಣೆ ಸುಟ್ಟೆ."

"ಈ ದೀಪ ಬಾಯಿ ಮುಚ್ಚಲ್ಲವಲ್ಲ," ಅಂದ ಚಿಕ್ಕಬೈರಪ್ಪ.

ಆ ಪುಷ್ಯದ ಚಳಿಯಲ್ಲಿ ಅವರ ಒಬ್ಬಳೇ ಮಗಳು ಮುನಿಲಕ್ಷ್ಮಿ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟಿದ್ದು ವಸಂತಪುರಕ್ಕೆ. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಏಳು ತುಂಬುತ್ತಲೇ ನೋವು ಬಂತು. ಹುಟ್ಟಿದ್ದು ಗಂಡು, ಹಿಡಿಯಷ್ಟು ಕೂಸು. ಚರ್ಮ ಈರುಳ್ಳಿಯ ಒಳಪದರದಂತೆ ತೆಳ್ಳಗಿತ್ತು. ನೋಡಲು ಬಂದ ನರ್ಸಮ್ಮ, "ಈ ಚಳೀಲಿ ಗಾಡಿ ಹತ್ತಿಸಿದ್ರೆ ದಾರೀಲೇ ಹೋಗುತ್ತೆ. ಕಾವು ತಪ್ಪದಂಗೆ ನೋಡ್ಕೊಂಡ್ರೆ ಉಳಿದೀತು. ಹೊಗೆ ಮಾತ್ರ ಆಗಲೇ ಆಗದು," ಎಂದಳು. ಕೆಂಡ ತರುವಂತಿಲ್ಲ ಎಂದಾಯಿತು.

ಚಿಕ್ಕಬೈರಪ್ಪ ನೇರ ಶೆಡ್ಡಿಗೆ ಹೋಗಿ ಮರಿಗಳ ಮೇಲಿದ್ದ ಬಲ್ಬು ಬಿಚ್ಚಿದ. ಮರಿಗಳನ್ನು ಕುಕ್ಕೆಯಲ್ಲಿ ತುಂಬಿ ಒಲೆಯ ಹತ್ತಿರ ಇಟ್ಟರು. ಬೆಳಗಾಗುವಷ್ಟರಲ್ಲಿ ಎಷ್ಟೋ ಸತ್ತಿದ್ದವು. ಅವನು ಕುಕ್ಕೆಯ ಕಡೆ ನೋಡಲಿಲ್ಲ.

ಆದರೆ ಬಾಣಂತಿಯ ಕೋಣೆಗೆ ಅವನು ಕಾಲಿಡುವಂತಿರಲಿಲ್ಲ. ಪುರುಡು. ಹನ್ನೊಂದನೇ ದಿನ ಮನೆ ಸಾರಿಸಿ, ತಾಯಿ ಮಗುವಿಗೆ ನೀರೆರೆಯುವ ತನಕ ಗಂಡಸರು ಒಳಗೆ ಹೋಗುವುದಿಲ್ಲ, ಮುಟ್ಟುವುದಿಲ್ಲ. ಮನೆಯಲ್ಲಿ ಮುನೇಶ್ವರನ ಪೂಜೆ ಮಾಡುವವನು ಬೇರೆ. ಹಾಗಾಗಿ ಹಿತ್ತಲ ಕಡೆಯ ಕಿಟಕಿಯಿಂದ ತಂತಿ ಎಳೆದು, ಹೊರಗೆ ನಿಂತೇ ಕೈ ತೂರಿಸಿ, ಸರಳಿಗೆ ಬಲ್ಬು ಕಟ್ಟಿದ. ಕೆಳಗೆ ಮೊರ, ಮೊರದಲ್ಲಿ ಹಳೇ ಸೀರೆಯ ಮಡಿಕೆ, ಅದರಲ್ಲಿ ಕೂಸು. ಅಕ್ಕಯಮ್ಮ ಹಿಂಗೈ ಇಟ್ಟು ನೋಡಿ, "ಇನ್ನೊಂದು ಗೇಣು ಮೇಲಕ್ಕೆ," ಅಂದಳು. ಅವನು ಎತ್ತಿ ಕಟ್ಟಿದ. ದಿನಕ್ಕೆ ಹತ್ತು ಸಲ ಕಿಟಕಿಯಲ್ಲಿ ಇಣುಕುತ್ತಿದ್ದ.

"ಏನಂತಾನೆ ನಮ್ಮ ಸಾಹುಕಾರ?"

"ಆಕಳಿಸ್ದ."

"ಬೇಜಾರಾಗಿರ್ಬೇಕು ನಿನ್ನ ಮುಖ ನೋಡಿ."

ಮಗು ಹತ್ತಿಯ ಬತ್ತಿಯಿಂದ ಹಾಲು ಚೀಪತೊಡಗಿತು. ಕಾಲು ಝಾಡಿಸಿತು. ಮುನಿಲಕ್ಷ್ಮಿ ಹೆರಿಗೆಯಾದ ಮೇಲೆ ಮೊದಲ ಸಲ ನಕ್ಕಳು.

ಪುರುಡು ಕಳೆಯಲು ಎರಡು ದಿನ ಇದ್ದಾಗ ಬೇಗೂರಿನಿಂದ ಆಳು ಬಂದ. ಅಕ್ಕಯಮ್ಮನ ಅಣ್ಣ ತಿಮ್ಮರಾಯಪ್ಪನಿಗೆ ಮಾತು ನಿಂತಿದೆ, ಕಣ್ಣಲ್ಲೇ ತಂಗಿಯನ್ನು ಹುಡುಕುತ್ತಿದ್ದಾನೆ ಎಂದ. ತವರಲ್ಲಿ ಉಳಿದಿದ್ದವನು ಅವನೊಬ್ಬನೇ. ಅವಳು ಹೊಸಲಲ್ಲಿ ನಿಂತು ಒಳಗೂ ಹೊರಗೂ ನೋಡಿದಳು.

"ಹೋಗ್ಬಾ ಅವ್ವ. ನಾನಿಲ್ವಾ," ಅಂದಳು ಮುನಿಲಕ್ಷ್ಮಿ.

"ಕರೆಂಟ್ ಗಿರೆಂಟ್ ಹೋದ್ರೆ ಕೂಸನ್ನ ಬರೀ ಎದೆಗೆ ಅವುಚ್ಕೊಂಡು ಮೇಲೆ ಕಂಬಳಿ ಹೊದ್ಕೊ. ನಿನ್ನ ಮೈಯಾಗೂ ಆ ಬೆಳಕೈತೆ ಅಂದಿಲ್ವಾ ಆ ಹುಡುಗ?" ಎಂದು ಹೇಳಿ, ತಲೆಗೆ ನೀರು ಹಾಕಿಕೊಂಡು ಅಕ್ಕಯಮ್ಮ ಹೊರಟಳು.

ಅದೇ ಸಂಜೆ ಬಲ್ಬು ಟಪ್ಪೆಂದು ಸುಟ್ಟುಹೋಯಿತು. ಮುನಿಲಕ್ಷ್ಮಿ ತಾಯಿ ಹೇಳಿದಂತೆಯೇ ಮಾಡಿದಳು. ಎದೆಗೆ ಅವುಚಿಕೊಂಡು ಕಂಬಳಿ ಹೊದ್ದಳು. ಚಿಕ್ಕಬೈರಪ್ಪ ಅನಂತರಾಮುವಿನ ಮನೆಗೆ ಓಡಿದ. ಬೀಗ ಹಾಕಿತ್ತು. ಅಲ್ಲಿಂದ ಗಾಂಧಿಬಜಾರಿಗೆ ಓಡಿದ. ಅಂಗಡಿಯವನು, "ಕೆಂಪು ಬಲ್ಬಾ? ದೇವರ ಮನೆಗಾ ಯಜಮಾನ್ರೇ?" ಎಂದ. ಚಿಕ್ಕಬೈರಪ್ಪನಿಗೆ ಏದುಸಿರು. ಹಚ್ಚಿ ತೋರಿಸು ಎಂದ. ಅಂಗಡಿಯವನು ಹಚ್ಚಿದ. ದಾಸವಾಳದಂಥ ಕೆಂಪು.

ಕಿಟಕಿಯಲ್ಲಿ ಕೈ ತೂರಿಸಿ ಅದನ್ನು ಸಿಕ್ಕಿಸಿದಾಗ ಕೋಣೆಯ ಗೋಡೆಯೆಲ್ಲ ಕೆಂಪಾಯಿತು. "ಹಳೇದಕ್ಕಿಂತ ಚೆನ್ನಾಗೈತೆ ಕಣವ್ವ. ಮಲಗ್ಸು ಮಗೀನ. ನೀನೂ ಮೈ ಚೆಲ್ಲು, ಸೋತಿದ್ದೀಯ," ಅಂದ. ಮುನಿಲಕ್ಷ್ಮಿಗೆ ಅಂದು ಮೈಯಲ್ಲಿ ಸಣ್ಣ ಜ್ವರವಿತ್ತು. ಎದೆಯ ಮೇಲಿಂದ ಕೂಸನ್ನು ಎತ್ತಿ ಮೊರದಲ್ಲಿ ಮಲಗಿಸಿದಳು. ಬೆಳಕು ಕೆಂಪಗೆ ಬಿದ್ದಿದ್ದ ಮಗುವಿನ ಮುಖ ಆರೋಗ್ಯವಾಗಿ, ತುಂಬಿಕೊಂಡಂತೆ ಕಂಡಿತು.

ಅಣ್ಣನ ಬಾಯಿಗೆ ನೀರು ಬಿಟ್ಟು, ಮಣ್ಣು ಮುಗಿಸಿ ಅಕ್ಕಯಮ್ಮ ಮಾರನೇ ಮಧ್ಯಾಹ್ನ ಬಂದಾಗ ಬಾಗಿಲಲ್ಲೇ ಅವಳಿಗೆ ಗೊತ್ತಾಯಿತು. ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಮುನಿಲಕ್ಷ್ಮಿ ಗೋಡೆಗೆ ಒರಗಿ, ಬಟ್ಟೆ ಸುತ್ತಿದ್ದನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಬೆಳಿಗ್ಗೆ ಎತ್ಕೊಂಡೆ ಅವ್ವ. ತಣ್ಣಗಿದ್ದ. ದೀಪ ಉರೀತಾನೇ ಇತ್ತು," ಅಂದಳು.

ದೀಪ ಇನ್ನೂ ಉರಿಯುತ್ತಿತ್ತು. ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಅಕ್ಕಯಮ್ಮ ಖಾಲಿ ಮೊರದ ಮೇಲೆ ಹಿಂಗೈ ಹಿಡಿದಳು. ಕೈ ಕೆಂಪಾಯಿತು. ಕೈಗೆ ಏನೂ ತಾಗಲಿಲ್ಲ. ಸ್ವಲ್ಪ ಮೇಲೆತ್ತಿದಳು. ಇನ್ನೂ ಮೇಲೆತ್ತಿದಳು. ಗಾಜನ್ನೇ ಮುಟ್ಟಿದಾಗ ಉಗುರುಬೆಚ್ಚಗಿತ್ತು, ಅಷ್ಟೆ.

ಕಿಟಕಿಯಾಚೆ ಚಿಕ್ಕಬೈರಪ್ಪ ಸರಳು ಹಿಡಿದು ನಿಂತಿದ್ದ. ಇಷ್ಟಾದ ಮೇಲೂ ಅವನು ಒಳಗೆ ಬಂದಿರಲಿಲ್ಲ.

"ಗಾಂಧಿಬಜಾರಿಂದ ತಂದೆ," ಅಂದ. "ನೋಡಿದ್ಯಲ್ಲ, ಕೆಂಪಗೇ ಉರೀತಿತ್ತು. ಏನೂ ಕಮ್ಮಿ ಆಗಿರ್ಲಿಲ್ಲ ಅಲ್ವಾ?"

ಮಗಳೂ ತಲೆಯೆತ್ತಿ ನೋಡಿದಳು. ಇಬ್ಬರ ಕಣ್ಣೂ ಅವಳ ಕೈಯ ಮೇಲಿತ್ತು. ಕಾವಿಲ್ಲ ಎಂದರೆ ದೀಪ ತಂದವನಿಗೂ, ಎದೆಯಿಂದ ಇಳಿಸಿದವಳಿಗೂ ಉಳಿದ ಆಯುಷ್ಯ ಏನಾಗುತ್ತದೆ ಎಂದು ಅಕ್ಕಯಮ್ಮನಿಗೆ ಆ ಗಳಿಗೆಯಲ್ಲೇ ಕಂಡಿತು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬಿಸಿಯಾಗೇ ಐತೆ," ಅಂದಳು. "ಏಳು ತಿಂಗಳ ಕೂಸು. ಅದರ ಎಣ್ಣೆ ಅಷ್ಟೇ ಇತ್ತು. ಯಾರೇನು ಮಾಡಕ್ಕಾಗ್ತದೆ?"

ಆಗ ಚಿಕ್ಕಬೈರಪ್ಪ ಅತ್ತ. ಸರಳಿಗೆ ಹಣೆ ಚಚ್ಚಿಕೊಂಡು ಅತ್ತ. ಸಂಜೆ ಕೆರೆಯ ಏರಿಯ ಕೆಳಗೆ, ಸೈಟಿನ ಕಲ್ಲುಗಳಾಚೆ, ಕೂಸನ್ನು ಮಣ್ಣು ಮಾಡಿ ಬಂದ.

ಮುನಿಲಕ್ಷ್ಮಿಗೆ ಮತ್ತೆ ಮಕ್ಕಳಾಗಲಿಲ್ಲ. ಚಿಕ್ಕಬೈರಪ್ಪ ಕೋಳಿ ಸಾಕುವುದು ಬಿಟ್ಟ. ಆದರೆ ಆ ಕೆಂಪು ಬಲ್ಬನ್ನು ಬಿಸಾಡಲಿಲ್ಲ. "ನಮ್ಮ ಸಾಹುಕಾರನಿಗೆ ಉರಿದ ದೀಪ," ಎಂದು ಮುನೇಶ್ವರನ ಪಟದ ಮುಂದೆ ತಾನೇ ಸಿಕ್ಕಿಸಿದ. ಅಂಥ ಬಲ್ಬು ಬೇಗ ಸುಡುವುದಿಲ್ಲ. ವರ್ಷಗಳು ಕಳೆದರೂ ಉರಿಯುತ್ತಲೇ ಇತ್ತು. ಅವನು ಅದರ ಮುಂದೆ ಕೈಮುಗಿಯುವಾಗ ಅಕ್ಕಯಮ್ಮ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಅಲ್ಲಿ ಅವಳಿಗೆ ಕೆಲಸವಿರುತ್ತಿತ್ತು. ಮುದ್ದೆ ಬೇಯಿಸಿ ಮುಗಿದ ಮೇಲೆ ಒಲೆಯ ಕೊಳ್ಳಿ ಈಚೆಗೆಳೆದು ನೀರು ಚಿಮುಕಿಸುತ್ತಿದ್ದಳು. ಉಳಿದ ಕೆಂಡವನ್ನು ನಾಳೆಗೆಂದು ಮೂಲೆಗೆ ಗುಡ್ಡೆ ಮಾಡಿ, ಮೇಲೆ ಬೂದಿ ಎಳೆದು, ಕೆಂಪು ಪೂರಾ ಮರೆಯಾಗುವಂತೆ ಮುಚ್ಚುತ್ತಿದ್ದಳು. ಆಮೇಲೆ ಅದರ ಮೇಲೆ ಒಂದು ಸಲ ಹಿಂಗೈ ಹಿಡಿದು ನೋಡಿ, ಒಲೆಯ ಕಟ್ಟೆ ಒರೆಸಲು ಬಟ್ಟೆ ಹಿಂಡಿಕೊಳ್ಳುತ್ತಿದ್ದಳು.