ಒಂದಕ್ಷರದ ಹಿಂದಿದ್ದ ಕೆಂಪಿ

ನಾನು ತಪ್ಪು ಓದಲಿಲ್ಲ — ಸರಿಯಾಗಿಯೇ ಓದಿ, ತಪ್ಪಾಗಿ ಬರೆದೆ.

ಹಾರನಹಳ್ಳಿಯ ಅರ್ಚಕರ ಮನೆ ನಮ್ಮದು. ನಾನು ನಿವೃತ್ತ ಮೇಷ್ಟ್ರು. ಹಿಂದೆ ಮನುಷ್ಯರನ್ನೇ ಮಾರಿದ, ಕೊಂಡ ಕಾಗದಗಳ ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕುವ ಕೆಲಸವನ್ನು ಕೆಲವು ಸಂಶೋಧಕರು ಶುರುಮಾಡಿದಾಗ, ಅಕ್ಷರ ಕೂಡಿಸಿ ಬರೆಯುವ ಹಳೆಯ ಮೋಡಿ ಬರಹ ಓದಬಲ್ಲವನು ಸುತ್ತಮುತ್ತ ನಾನೊಬ್ಬನೇ ಎಂದು ಬೀಗುತ್ತಾ ಸೇರಿಕೊಂಡೆ. ಪ್ರತಿ ಫೋಟೊದ ಕೆಳಗೆ ಅದರಲ್ಲಿರುವುದನ್ನು ಟೈಪ್ ಮಾಡುವುದು ನನ್ನ ಪಾಲು. ಹುಡುಕುವವರಿಗೆ ಸಿಗುವುದು ಟೈಪ್ ಮಾಡಿದ ಪದವಷ್ಟೇ.

ಒಂದು ದಿನ ನಮ್ಮದೇ ಮನೆಯ ಕಾಗದ ಬಂತು. ‘ಕೆಂಪಿ ಎಂಬ ತೊತ್ತನ್ನು ಕೂಸಿನ ಸಮೇತ ಹಗರೆಯವರಿಗೆ ಕ್ರಯಕ್ಕೆ ಕೊಟ್ಟಿದ್ದೇವೆ’ — ಕೆಳಗೆ ನನ್ನ ಮುತ್ತಜ್ಜನ ಅಜ್ಜನ ರುಜು. ತೊತ್ತು ಎಂದರೆ ಗುಲಾಮಳು. ಪೂಜೆ ಮಾಡುವ ಮನೆ, ನಾಲ್ಕು ಜನ ಕೈಮುಗಿಯುವ ಮನೆ... ‘ತ’ ಇದ್ದಲ್ಲಿ ‘ಸ’ ಒತ್ತಿದೆ. ತೊತ್ತು ಸೊತ್ತಾಯಿತು. ಕೆಂಪಿ ಎಂದರೆ ಯಾವುದೋ ಕೆಮ್ಮಣ್ಣಿನ ಹೊಲವೆಂದುಕೊಳ್ಳಲಿ ಎಂದು ಕೂಸಿನ ಮಾತನ್ನು ಬಿಟ್ಟೇಬಿಟ್ಟೆ.

ಆ ವಾರವೇ ಅದೇ ಹಗರೆ ಊರಿನ ಜಯಮ್ಮ ಬಂದರು, ಹಾಲಿನ ಡೇರಿ ನೋಡಿಕೊಳ್ಳುವವರು.

“ನಮ್ ಮೂಲದಜ್ಜಿ ನಿಮ್ಮೂರಿಂದ ಕೂಸೆತ್ಕೊಂಡು ತೊತ್ತಾಗಿ ಬಂದ್ಲಂತೆ ಮೇಷ್ಟ್ರೇ. ಹೆಸರೊಂದು ಸಿಕ್ರೆ ಸಾಕು. ಎಲ್ಲಾದ್ರೂ ಐತಾ?”

“ಇಲ್ಲ ಕಣಮ್ಮ,” ಎಂದೆ.

ಎರಡು ವರ್ಷ ಕಳೆದ ಮೇಲೆ ಮೊಮ್ಮಗಳ ನಾಮಕರಣಕ್ಕೆ ಕರೆಯಲು ಬಂದರು. “ಆ ಅಜ್ಜಿ ಹೆಸರೇ ಇಡಾನ ಅಂತಿದ್ದೆ. ಸಿಗ್ನಿಲ್ವಲ್ಲ, ಬುಡಿ.”

ಇನ್ನು ತಡೆಯಲಾಗಲಿಲ್ಲ. ಅವರೆದುರೇ ಕಂಪ್ಯೂಟರ್ ತೆಗೆದು, ಎಲ್ಲ ಹೇಳಿ, ‘ಸ’ ಅಳಿಸಿ ‘ತ’ ಒತ್ತಿದೆ. ಬಿಟ್ಟಿದ್ದ ಕೂಸನ್ನೂ ಸೇರಿಸಿದೆ. ‘ತೊತ್ತು’ ಎಂದು ಹುಡುಕಿದರೆ — ಕೆಂಪಿ ಬಂದಳು.

ಜಯಮ್ಮ ಪರದೆಯ ಮೇಲಿನ ಹೆಸರನ್ನು ಬೆರಳಿನಿಂದ ಸವರಿದರು. ಬೈಗುಳಕ್ಕೆ ತಲೆ ಬಗ್ಗಿಸಿ ಕಾದೆ.

“ಎಲ್ಡು ವರ್ಷ ನಮ್ಮಜ್ಜೀನ ಒಂದಕ್ಷರದ ಹಿಂದೆ ಬಚ್ಚಿಟ್ಟಿದ್ರಲ್ಲ, ನಿಮ್ಮನ್ನ ಬೆಂಚ್ ಮೇಲೆ ನಿಲ್ಲಿಸ್ಬೇಕು ಕಣ್ರೀ,” ಎಂದು ಅಳುತ್ತಲೇ ನಕ್ಕರು. ನನಗೂ ಅಷ್ಟೇ ಆಯಿತು, ಅಳು ಮತ್ತು ನಗು ಒಟ್ಟಿಗೆ.

ಆ ಫೋಟೊದ ಕೆಳಗೆ ಈಗ ಇನ್ನೊಂದು ಸಾಲಿದೆ: ಮೊದಲು ತಿಳಿದೂ ತಿಳಿದೂ ತಪ್ಪು ಬರೆದವನು ನಾನು ಎಂದು, ನನ್ನ ಹೆಸರಿನ ಸಮೇತ. ಅದನ್ನು ಅಳಿಸುವುದಿಲ್ಲ.

ನಾಮಕರಣದ ದಿನ ಜಯಮ್ಮನವರ ಮನೆ ತುಂಬ ಜನ, ಒಬ್ಬಟ್ಟಿನ ಘಮ. ತಟ್ಟೆಯ ಅಕ್ಕಿಯಲ್ಲಿ ಮಗುವಿನ ಹೆಸರು ಬರೆಯಲು ನನ್ನನ್ನೇ ಕೂರಿಸಿದರು. ಬೇಡವೆಂದರೂ ಬಿಡಲಿಲ್ಲ. ಇಷ್ಟು ಸಂತೋಷಕ್ಕೆ ನಾನು ಯೋಗ್ಯನಲ್ಲ — ಆದರೂ ಸಂತೋಷವಾಯಿತು. ‘ಕೆಂಪಿ’ ಎಂದು ಬರೆಯುತ್ತಿದ್ದಂತೆ ಜಯಮ್ಮ ಕೈ ಹಿಡಿದರು.

“ಕೆಂಪಿ ಅನ್ನಾದು ನಿಮ್ಮನೆ ಕಾಗದದಾಗೆ. ನಮ್ಮನೇಲಿ ಕೆಂಪಮ್ಮ ಅಂತ ಬರೀರಿ.”

ಅಕ್ಕಿ ಸಮ ಮಾಡಿ, ಪೂರ್ತಿ ಹೆಸರು ಬರೆದೆ.