ರೋಸಮ್ಮನ ಕೇಕಿಗೆ ಕಾವಲು ಕೂತದ್ದು

ಯಶವಂತಪುರದ ಮನೆಗೆ ನಾವು ಬಂದ ವಾರದಲ್ಲೇ ಮನೆಯೊಡತಿ ಒಂದು ದೊಡ್ಡ ಚಕ್ಕೋತ ಹಣ್ಣು ತಂದು, ನಮ್ಮ ಹೊಸ್ತಿಲ ಮೇಲೆ ಕೂತು ಸುಲಿದರು. ತೊಳೆಗಳನ್ನೆಲ್ಲ ಒಂದು ತಟ್ಟೆಗೆ ಹಾಕಿ ನನ್ನ ಹೆಂಡತಿ ಗಿರಿಜಾಳ ಕೈಗೆ ಕೊಟ್ಟರು. ಸಿಪ್ಪೆಯನ್ನು ಚೂರೂ ಬಿಡದೆ ಸೆರಗಿಗೆ ತುಂಬಿಕೊಂಡು ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಗದಗಿನಲ್ಲಿ ಹೀಗೆ ಮಾಡಿದವರನ್ನು ನಾನು ನೋಡಿಲ್ಲ. ಹಣ್ಣು ಕೊಡುವವರು ಹಣ್ಣು ಕೊಡುತ್ತಾರೆ, ಸಿಪ್ಪೆ ದನದ ಬಾಯಿಗೆ ಹೋಗುತ್ತದೆ. ಗಿರಿಜಾ ತಟ್ಟೆಯನ್ನು ಮೂಸಿ ನೋಡಿದಳು.

"ಇದರಾಗ ಏನರ ಹಾಕ್ಯಾರೇನ್ರೀ?"

"ನಮ್ಮ ಕಣ್ಮುಂದನ ಸುಲದಾರಲ್ಲ."

"ಅದಕ್ಕ ಕೇಳಾಕತ್ತೀನಿ. ಕಣ್ಮುಂದ ಕೂತು ಯಾಕ ಸುಲೀಬೇಕು?"

ಸಂಜೆಯವರೆಗೂ ನಾವು ಆ ಹಣ್ಣನ್ನು ಮುಟ್ಟಲಿಲ್ಲ. ಆಮೇಲೆ ನಾನೊಂದು ತೊಳೆ ತಿಂದೆ. ನನಗೇನೂ ಆಗದ್ದನ್ನು ಕಂಡು ಉಳಿದದ್ದನ್ನು ಅವಳು ತಿಂದಳು. ಈ ಹಣ್ಣು ದೇವನಹಳ್ಳಿ ಕಡೆಯದು, ನಮ್ಮ ಕಡೆ ಬರುವುದಿಲ್ಲ. ಸಿಹಿಯಿತ್ತು.

ನಮ್ಮ ಸಂಶಯಕ್ಕೆ ಹಿನ್ನೆಲೆಯಿತ್ತು. ರಾಜ್ಯ ಒಂದಾದ ಮೇಲೆ ಇಲ್ಲಿನ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿ ಬಂದವನು ನಾನು. ಗದಗಿನಲ್ಲಿ ಬಾಡಿಗೆ ಮನೆ ಸಿಗುವುದು ಪರಿಚಯದಿಂದ. ಇಲ್ಲಿ ಬಾಗಿಲಿಗೆ ತೂಗುಹಾಕಿದ ಹಲಗೆ ನೋಡಿ ಒಳಗೆ ಹೋಗಬೇಕು, ಆಮೇಲೆ ವಿಚಾರಣೆ. ನನ್ನ ಮಾತು ಕೇಳಿದವರು ಮೊದಲು ಕೇಳುವುದು "ನೀವು ಮರಾಠಿಯವರಾ?" ಎಂದು. ಕನ್ನಡದವನು ಎಂದರೆ ಇನ್ನೊಮ್ಮೆ ಮುಖ ನೋಡುತ್ತಾರೆ. ಮೊದಲು ಮನೆ ಹಿಡಿದದ್ದು ಮಲ್ಲೇಶ್ವರದ ಒಂದು ವಠಾರದಲ್ಲಿ. ವಠಾರವೆಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಮನೆಗಳ ಸಾಲು. ಗಿರಿಜಾ ಬಾವಿಗಟ್ಟೆಯ ಮೇಲೆ ಯಾವ ಕಡೆಯಿಂದ ಹತ್ತಿದಳೆಂಬ ವಿಷಯಕ್ಕೆ ಅಲ್ಲಿಂದ ಎಬ್ಬಿಸಿದರು. ಎರಡನೆಯ ಮನೆಗೆ ಮಾಲೀಕರ ನೆಂಟರು ಬಂದರು, ನಾವು ಹೊರಬಿದ್ದೆವು. ಮೂರನೆಯದಾದ ಈ ಮನೆಗೆ ಸಾಮಾನು ಹೊರುವಾಗ ಗಿರಿಜಾ ಒಂದು ಮಾತು ಹೇಳಿದ್ದಳು: "ಇದನ್ನೂ ಬಿಡಿಸಿದ್ರ ನಾ ಹುಬ್ಬಳ್ಳಿ ಗಾಡಿ ಹತ್ತತೀನಿ. ನೀವು ನಿಮ್ಮ ಪೇಪರ್ ಹಾಸಿಕೊಂಡು ಮಲಗ್ರಿ." ಆ ರೈಲುಗಾಡಿ ನಮ್ಮ ಮನೆಯ ಹಿಂದಿನಿಂದಲೇ ಹೋಗುತ್ತಿತ್ತು. ಕೂಗು ಕೇಳಿದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು.

ಮನೆ ಹೆಂಚಿನದು, ಉದ್ದನೆಯದು, ನಡುವೆ ಒಂದು ಗೋಡೆ. ಮುಂದಿನ ಭಾಗದಲ್ಲಿ ಮನೆಯೊಡತಿ ರೋಸಮ್ಮ, ಹಿಂದಿನದರಲ್ಲಿ ನಾವು. ರೋಸಮ್ಮ ಕ್ರೈಸ್ತರು, ರೈಲ್ವೆ ಗಾರ್ಡ್ ಒಬ್ಬರ ವಿಧವೆ. ಒಬ್ಬಳೇ ಮಗಳು ಜೋಲಾರಪೇಟೆಯಲ್ಲಿ. ಮೊಣಕಾಲು ನೋವಿನಿಂದ ನಡಿಗೆ ನಿಧಾನ, ನೋಟ ಮಾತ್ರ ಚುರುಕು. ನಾವು ಯಾರಿಂದ ಹಾಲು ಹಾಕಿಸಿಕೊಳ್ಳುತ್ತೇವೆ, ನಮ್ಮಲ್ಲಿಗೆ ಬಂದವರು ಎಷ್ಟು ಹೊತ್ತು ಕೂತಿದ್ದರು, ಎಲ್ಲ ಅವರಿಗೆ ತಿಳಿದಿರುತ್ತಿತ್ತು. ನಾವು ಅವರನ್ನು ನೋಡುತ್ತಿದ್ದುದೂ ಅಷ್ಟೇ.

ಪತ್ರಿಕೆಯಲ್ಲಿ ಒಬ್ಬರ ಬಾಯಿಂದ ಬಂದದ್ದನ್ನು ಅಚ್ಚಿಗೆ ಕೊಡುವುದಿಲ್ಲ, ಎರಡನೆಯವರ ಬಾಯಿ ಬೇಕು. ಡಿಸೆಂಬರ್ ಹೊತ್ತಿಗೆ, ಈ ಮನೆಯನ್ನೂ ನಮ್ಮಿಂದ ಬಿಡಿಸುತ್ತಾರೆ ಎಂಬುದಕ್ಕೆ ನನ್ನ ಬಳಿ ಸುಳಿವುಗಳಿದ್ದವು, ಬಾಯಿ ಇರಲಿಲ್ಲ. ಅಬ್ಬಿಗೆರೆಯ ಮುನಿಯಪ್ಪ ಎಂಬ ಮರಗೆಲಸದವನು ಬಂದು ನಡುಗೋಡೆಯ ಅಳತೆ ತೆಗೆದುಕೊಂಡು ಹೋದ. ನಾನಿಲ್ಲದ ಹೊತ್ತಿನಲ್ಲಿ ರೋಸಮ್ಮ ನಮ್ಮ ಭಾಗಕ್ಕೆ ಬಂದು ಸಾಮಾನನ್ನೆಲ್ಲ ದಿಟ್ಟಿಸಿ, "ಇಷ್ಟೇನಾ ನಿಮ್ದು?" ಎಂದು ಗಿರಿಜಾಳನ್ನು ಕೇಳಿದ್ದರು. ಕೊನೆಗೆ ಒಂದು ಬೆಳಿಗ್ಗೆ ನನಗೇ ಹೇಳಿದರು: "ಹಬ್ಬ ಕಳೀಲಿ ಸಾರ್. ನಿಮ್ಹತ್ರ ಒಂದ್ ಮಾತಿದೆ."

ಆ ಮಾತನ್ನು ಗಿರಿಜಾಳಿಗೆ ಹೇಳಬಾರದಿತ್ತು, ಹೇಳಿದೆ. ಅವಳು ಅಟ್ಟದ ಮೇಲಿನ ಟ್ರಂಕು ಇಳಿಸಿ ಒರೆಸಿಟ್ಟಳು.

ಸಿಪ್ಪೆಯ ಗುಟ್ಟು ಅದೇ ದಿನಗಳಲ್ಲಿ ಬಯಲಾಯಿತು. ಚಕ್ಕೋತದ ಸಿಪ್ಪೆ, ಕಿತ್ತಳೆ ಸಿಪ್ಪೆ ಎರಡನ್ನೂ ಕಹಿ ಹೋಗುವಂತೆ ನೀರು ಬದಲಿಸಿ ಬದಲಿಸಿ ಕುದಿಸಿ, ಸಕ್ಕರೆಯಲ್ಲಿ ಬೇಯಿಸಿ, ಗಾಜಿನಂತಾದ ಮೇಲೆ ಸಣ್ಣಗೆ ಹೆಚ್ಚಿ, ಒಣದ್ರಾಕ್ಷಿ ಖರ್ಜೂರಗಳ ಜೊತೆ ಜಾಡಿಗೆ ತುಂಬಿದ್ದರು. ಮೇಲೆ ರಮ್ ಸುರಿದಿದ್ದರು. ಜಾಲಹಳ್ಳಿಯ ವಾಯುಪಡೆಯಲ್ಲಿದ್ದ ನೆಂಟರೊಬ್ಬರು ತಂದುಕೊಟ್ಟದ್ದಂತೆ. ಇದು ಕ್ರಿಸ್‌ಮಸ್ ಕೇಕಿಗೆ. ನಮ್ಮ ಕಡೆ ಮುಂಬಯಿ ಸರ್ಕಾರದ ಪಾನನಿರೋಧ ಇದ್ದಾಗ ಈ ವಾಸನೆಯೊಂದೇ ಪೊಲೀಸರನ್ನು ಮನೆಗೆ ಕರೆಯಲು ಸಾಕಾಗಿತ್ತು. ಇಲ್ಲಿ ಅದು ಅಡುಗೆಮನೆಯ ಕಿಟಕಿಯಿಂದ ಧಾರಾಳವಾಗಿ ಬೀದಿಗೆ ಬರುತ್ತಿತ್ತು.

ಕೇಕಿನ ಅಚ್ಚೂ ವಿಚಿತ್ರ. ನಡುವೆ ಕೊಳವೆ, ಸುತ್ತ ಕುಂಬಳಕಾಯಿಯಂತೆ ಏಣುಗಳು. ರೋಸಮ್ಮನ ತಾಯಿ ಜರ್ಮನ್ ಪಾದ್ರಿಯೊಬ್ಬರ ಮನೆಯಲ್ಲಿ ಅಡುಗೆಗಿದ್ದರು. ಆ ಮನೆಯವರು ಊರು ಬಿಡುವಾಗ ಅದನ್ನು ಕೊಟ್ಟುಹೋದರಂತೆ. 'ಬುಂಟ್' ಎನ್ನುತ್ತಾರೆ. ಬಳೆಯಾಕಾರದ ಕೇಕು ಎಂದರೆ ಸರಿಯಾದೀತು. "ನಡೂಕ ತೂತ ಯಾಕ?" ಎಂದು ಗಿರಿಜಾ ಕೇಳಿದಳು. "ಹಣ್ಣು ಜಾಸ್ತಿ ಹಾಕ್ತೀವಲ್ಲಮ್ಮ, ತೂತಿಲ್ದಿದ್ರೆ ಒಳಗೆ ಬೇಯಲ್ಲ" ಎಂದರು ರೋಸಮ್ಮ. ಆಮೇಲೆ ಮೊಟ್ಟೆಗಳ ಬುಟ್ಟಿ ಹೊರಬಂತು, ಮೊಟ್ಟೆ ಮುಟ್ಟದ ಗಿರಿಜಾ ನಮ್ಮ ಮನೆಯೊಳಗೆ ಬಂದಳು.

ಈ ಕಡೆಯ ಮನೆಗಳಲ್ಲಿ ಕೇಕು ಬೇಯಿಸುವ ಒಲೆಯಿಲ್ಲ. ಹಿಟ್ಟು ಕಲಸಿ ಅಚ್ಚಿಗೆ ಹಾಕಿ ಬೇಕರಿಗೆ ಒಯ್ಯುತ್ತಾರೆ. ರೊಟ್ಟಿಯ ಕೆಲಸ ಮುಗಿದ ಮೇಲೆ ಕಟ್ಟಿಗೆಯ ದೊಡ್ಡ ಒಲೆಯಲ್ಲಿ ಊರವರ ಅಚ್ಚುಗಳೆಲ್ಲ ಸಾಲಾಗಿ ಬೇಯುತ್ತವೆ. ಪ್ರತಿ ಮನೆಯಿಂದ ಒಬ್ಬರು ಹೋಗಿ ಅದರ ಮುಂದೆ ಕಾವಲು ಕೂರುತ್ತಾರೆ. ಬೇಕರಿಯವನು ಒಂದೊಂದು ಅಚ್ಚಿನಿಂದ ಒಂದೊಂದು ಸೌಟು ಹಿಟ್ಟು ತೆಗೆದು ತನ್ನದೊಂದು ಕೇಕು ಮಾಡಿಕೊಳ್ಳುತ್ತಾನೆ ಎಂಬುದು ಎಲ್ಲರ ನಂಬಿಕೆ. ಕಂಡವರು ಯಾರೂ ಸಿಗಲಿಲ್ಲ.

"ಈ ಸಲ ನೀವೇ ಹೋಗ್ಬೇಕು ಸಾರ್" ಎಂದರು ರೋಸಮ್ಮ. "ನನ್ ಕಾಲ್ ಆಗಲ್ಲ."

"ನಿಮ್ಮ ಚರ್ಚಿನವರು ಯಾರಾದರೂ..."

"ಅವರಿಗೆಲ್ಲ ಬೇಕರಿ ಬಾಷಾ ಗೊತ್ತು. ಮಾತಾಡ್ಕೊಂಡು ಕೂತ್ಬಿಡ್ತಾರೆ. ನಿಮಗೆ ಈ ಊರಲ್ಲಿ ಯಾರೂ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನ ಕಳಿಸ್ತಿರೋದು."

ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಮನೆ ಉಳಿಯಬೇಕಾದರೆ ಕೇಕು ಚೆನ್ನಾಗಿ ಆಗಬೇಕು ಎಂದು ಮಾತ್ರ ತಿಳಿಯಿತು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಹೋದೆ.

ಬೇಕರಿಯ ಬಾಷಾ ಸಾಬರು ದಪ್ಪ ಮೀಸೆಯ, ನಿಧಾನದ ಮನುಷ್ಯ. "ಹೊಸ ಕಾವಲಾ? ಬನ್ನಿ, ಕೂತ್ಕೊಳ್ಳಿ. ನಮ್ಮೇಲೆ ನಂಬಿಕೆ ಇಲ್ಲ ಅಂದ್ರೂ ಬೆಂಚ್ ಇದೆ" ಎಂದರು. ಬೆಂಚಿನ ಮೇಲೆ ಫಿಲೋಮಿನಾ ಟೀಚರ್ ಎಂಬವರು ಹೆಣಿಗೆ ಹಿಡಿದು ಕೂತಿದ್ದರು. ಕಣ್ಣು ಹೆಣಿಗೆಯ ಮೇಲಿರಲಿಲ್ಲ. ಅಚ್ಚುಗಳು ಒಳಗೆ ಹೋದವು. ನಾನು ಬಾಷಾರ ಕೈಗಳನ್ನು ನೋಡುತ್ತ ಕೂತೆ.

ಅಷ್ಟರಲ್ಲಿ ಮುನಿಯಪ್ಪ ಮರಗೆಲಸದಲ್ಲಿ ಉಳಿದ ಕಟ್ಟಿಗೆಯನ್ನು ಒಲೆಗೆ ಇಳಿಸಲು ಗಾಡಿಯಲ್ಲಿ ಬಂದ. ನನಗೆ ಬೇಕಾಗಿದ್ದ ಬಾಯಿ ತಾನಾಗಿ ಎದುರಿಗೆ ಬಂದಿತ್ತು. ಎದ್ದು ಹೋಗಿ ಮಾತಿಗೆ ಎಳೆದೆ.

"ನಮ್ಮನೆ ಗೋಡೆ ಅಳತೆ ತಗೊಂಡ್ರಲ್ಲ, ಯಾಕೆ?"

"ಅಯ್ಯೋ, ಆಯಮ್ಮನ್ನೇ ಕೇಳಿ ಸಾಮಿ. ಅಬ್ಬ ಆಗೋಗಂಟ ಯೋಳ್ಬ್ಯಾಡ ಅಂದವ್ರೆ."

"ಮನೆ ಮಾರ್ತಾರಾ?"

"ಮಾರೋರು ಗ್ವಾಡೆ ಯಾಕ್ ಒಡೀತಾರೆ?"

"ಗೋಡೆ ಒಡೀತಾರಾ?"

"ನೋಡಿ, ಇಂಗೆ ಒಂದೊಂದೇ ಕಿತ್ಕೊಂತೀರ. ಪೇಪರ್ನೋರ ಅತ್ರ ಮಾತಾಡ್ಬಾರ್ದು" ಎಂದು ಅವನು ಗಾಡಿಯ ಕಡೆ ತಿರುಗಿದ.

ಗೋಡೆ ಒಡೆಯುತ್ತಾರೆ ಎಂದರೆ ಎರಡು ಭಾಗ ಸೇರಿಸಿ ಒಂದೇ ಮನೆ ಮಾಡುತ್ತಾರೆ, ಮಗಳು ಅಳಿಯ ಬಂದು ನೆಲೆಸುತ್ತಾರೆ, ನಮಗೆ ಹೊರದಾರಿ. ಲೆಕ್ಕ ಸರಿಹೋಯಿತು. ಬೆಂಚಿಗೆ ಮರಳಿದೆ. ಬಾಷಾ ಸಾಬರು ನನ್ನನ್ನೇ ನೋಡುತ್ತಿದ್ದರು. ಒಲೆಯ ಬಾಯಿ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಕೈಯಲ್ಲಿ ಉದ್ದನೆಯ ಸಲಿಕೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಏನೋ ಮುಚ್ಚಿಡುವವರ ನೋಟ ಅದು ಎಂದುಕೊಂಡು ಕಣ್ಣು ಕೀಳದೆ ನಾನೂ ನೋಡಿದೆ. ಕಿತ್ತಳೆಯ ಘಮದೊಳಗೆ ಇನ್ನೊಂದು ವಾಸನೆ ಸೇರಿತು.

ಫಿಲೋಮಿನಾ ಟೀಚರ್ ಹೆಣಿಗೆ ಇಳಿಸಿದರು. "ಏನ್ ಸಾರ್, ನಿಮ್ದು ಸುಡ್ತಾ ಇದೆ. ತೆಗೀರಿ ಅಂತ ಹೇಳ್ಬಾರ್ದಾ?"

"ನಾನು ಹೇಳಬೇಕಾ?"

"ಮತ್ತೆ? ಕಾವಲು ಕೂತೋರು ಹೇಳ್ದೆ ಅವ್ರು ಮುಟ್ಟಲ್ಲ."

ಬಾಷಾ ಸಾಬರು ಆಗಲೇ ಸಲಿಕೆ ಒಳಗೆ ನೂಕಿದ್ದರು. "ನಾನಾಗಿ ತೆಗೆದ್ರೆ ಬೇಗ ತೆಗೆದ, ಹಸಿ ಇದೆ ಅಂತಾರೆ. ತೆಗೀದಿದ್ರೆ ಸುಟ್ಟ ಅಂತಾರೆ. ಅದಕ್ಕೇ ನಿಮ್ ಬಾಯಿಂದ್ಲೇ ಬರ್ಲಿ ಅಂತ ನಾವಿಲ್ಲಿ ಕಾನೂನ್ ಮಾಡ್ಕೊಂಡಿದೀವಿ" ಎಂದರು. ನಾನು ಅವರನ್ನು ಕಾಯುತ್ತಿದ್ದೆ, ಅವರು ನನ್ನನ್ನು ಕಾಯುತ್ತಿದ್ದರು. ನಡುವೆ ಕೇಕಿನ ಒಂದು ಮಗ್ಗುಲು ಇದ್ದಿಲಾಗಿತ್ತು.

ದಾರಿಯುದ್ದಕ್ಕೂ ಗಿರಿಜಾಳ ಟ್ರಂಕು ಕಣ್ಣಮುಂದಿತ್ತು. ರೋಸಮ್ಮ ಬಟ್ಟೆ ಬಿಚ್ಚಿ ಕೇಕನ್ನು ನೋಡಿದರು, ಬೆರಳಿನಿಂದ ಕುಟ್ಟಿದರು.

"ಬಾಷಾ ಬೇಕಂತಾನೇ ಮಾಡಿದಾನೆ."

"ಇಲ್ಲ. ತೆಗೀರಿ ಅಂತ ನಾನು ಹೇಳಬೇಕಿತ್ತಂತೆ. ನನಗದು ಗೊತ್ತಿರಲಿಲ್ಲ."

ಅವರು ಕೇಕನ್ನು ಕೆಳಗಿಟ್ಟರು. "ಅದು ಗೊತ್ತಿಲ್ದೋರು ಇರ್ತಾರಾ?" ಎಂದರು, ತಮಗೇ ಹೇಳಿಕೊಂಡಂತೆ. "ಹುಟ್ಟಿದಾಗಿಂದ ನೋಡಿದೀನಿ. ಹೇಳ್ಬೇಕು ಅಂತ ಹೊಳೀಲೇ ಇಲ್ಲ ನೋಡಿ."

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. "ಕರಕಾಗಿದ್ದು ಹೆರದು ತಗೀರಿ. ಒಳಗ ಒಣಗಿರತೈತಿ, ಮ್ಯಾಲೆ ಪಾಕ ಹಾಕಿದ್ರ ಮೆತ್ತಗಾದೀತು" ಎಂದಳು.

"ನೀವು ಮೊಟ್ಟೆ ಮುಟ್ಟಲ್ವಲ್ಲಮ್ಮ."

"ಮುಟ್ಟೂದಿಲ್ಲ. ಪಾಕ ನಮ್ಮ ಒಲಿ ಮ್ಯಾಲೆ ಮಾಡತೀನಿ. ಮ್ಯಾಲಿಂದ ಸುರೀತೀನಿ. ನೀವು ಹಿಡಕೋರಿ."

ಕಿತ್ತಳೆ ರಸ, ಸಕ್ಕರೆ, ನಿಂಬೆಹಣ್ಣು. ಉಂಡಿ ಕಟ್ಟಲು ಬೇಕಾದದ್ದಕ್ಕಿಂತ ತೆಳುವಾಗಿ ಪಾಕ ತೆಗೆದಳು. ರೋಸಮ್ಮ ತುರಿಯುವ ಮಣೆಯಲ್ಲಿ ಕರಿಯ ಮಗ್ಗುಲನ್ನು ಹೆರೆದರು. ಗಿರಿಜಾ ತೋಳೆತ್ತಿ, ಪಾತ್ರೆ ಕೇಕಿಗೆ ತಾಗದಂತೆ, ಅಭಿಷೇಕ ಮಾಡುವವಳಂತೆ ಸುರಿದಳು. "ಇನ್ನೂ ಸ್ವಲ್ಪ ಕೆಳಗೆ ಬಾಮ್ಮ, ನನ್ ಕೈಮೇಲೆ ಬೀಳ್ತಿದೆ" ಎಂದರು ರೋಸಮ್ಮ. "ಇಷ್ಟ ಬರತೈತ್ರಿ" ಎಂದಳು ಇವಳು. ಹಬ್ಬದ ದಿನ ರೋಸಮ್ಮ ಬಂದವರಿಗೆಲ್ಲ ಕೇಕು ಕೊಟ್ಟರು, ಯಾರೂ ತಟ್ಟೆಯಲ್ಲಿ ಉಳಿಸಲಿಲ್ಲ. ನಮಗೆ ಬಾಳೆಹಣ್ಣು ಬಂತು. ಅವರೆದುರಿಗೇ ನಾನೊಂದು ಚೂರು ಕೇಕು ಕೇಳಿ ತಿಂದೆ. ಗಿರಿಜಾ ಆ ದಿನ ನನ್ನ ತಟ್ಟೆ ಬೇರೆ ಇಟ್ಟಳು.

ಹಬ್ಬ ಕಳೆದ ಮೇಲೆ 'ಒಂದ್ ಮಾತು' ಬಂತು. ನಾವಿಬ್ಬರೂ ನಿಂತೇ ಕೇಳಿದೆವು.

"ಹೋದ ತಿಂಗಳು ಬಚ್ಚಲಲ್ಲಿ ಬಿದ್ದೆ. ಕೂಗಿದ್ರೆ ನಿಮಗೆ ಕೇಳಿಸ್ಲಿಲ್ಲ. ಆ ಗೋಡೇಲಿ ಒಂದ್ ಬಾಗಿಲು ಇಡಿಸೋಣ ಅಂತ ಮೊದ್ಲಿಂದ್ಲೂ ಇತ್ತು. ಹಿಂದಿದ್ದೋರಿಗೆ ಹೇಳ್ಲಿಲ್ಲ, ಅವರ ಮೇಲೆ ನಂಬಿಕೆ ಬರ್ಲಿಲ್ಲ. ನಿಮ್ಮನ್ನೂ ನೋಡ್ತಾ ಇದ್ದೆ."

"ಈಗ ಬಂತೇನ್ರೀ ನಂಬಿಕಿ?" ಎಂದಳು ಗಿರಿಜಾ.

"ಪೂರ್ತಿ ಇಲ್ಲ" ಎಂದರು ರೋಸಮ್ಮ. "ಬಾಗಿಲಿಗೆ ಆಗೋವಷ್ಟು."

ನಾವು ಒಳಗೆ ಬಂದು ಅದನ್ನೂ ತೂಗಿ ನೋಡಿದೆವು. ಬಾಗಿಲೆಂದರೆ ಯಾವಾಗ ಬೇಕಾದರೂ ಬರಬಹುದು, ನೋಡಬಹುದು, ನಾಳೆ ಎರಡು ಮನೆ ಒಂದೆನ್ನಬಹುದು. ಮುನಿಯಪ್ಪ ಚೌಕಟ್ಟು ಕೂರಿಸಿ ಕೇಳಿದ: "ಅಗುಳಿ ಯಾವ್ ಕಡೆ ಆಕ್ಲಿ?" ರೋಸಮ್ಮ, ಗಿರಿಜಾ ಒಟ್ಟಿಗೆ "ಎರಡೂ ಕಡೆ" ಎಂದರು. ಅವನು ನಗುತ್ತಲೇ ಎರಡು ಅಗುಳಿ ಹೊಡೆದ. ನಾವು ನಮ್ಮದನ್ನು ಹಾಕಿ ಮಲಗುತ್ತೇವೆ. ಆ ಕಡೆಯದು ಬೀಳುವ ಸದ್ದು ಕೇಳದಿದ್ದರೆ ಗಿರಿಜಾ ಬಾಗಿಲು ತಟ್ಟುತ್ತಾಳೆ. "ಇದೀನಮ್ಮ, ಇದೀನಿ" ಎಂದು ಒಳಗಿಂದ ಕೇಳಿದ ಮೇಲೆ ಬಂದು ಮಲಗುತ್ತಾಳೆ.

ಬೇಸಿಗೆಯಲ್ಲಿ ಗದಗಿಗೆ ಹೋಗಿದ್ದೆವು. ನನ್ನ ಅತ್ತೆಯ ಮನೆಯಲ್ಲಿ ಹಗಲು ಯಾವ ಬಾಗಿಲಿಗೂ ಅಗುಳಿ ಬೀಳುವುದಿಲ್ಲ, ಓಣಿಯವರು ಅಡುಗೆಮನೆಯವರೆಗೆ ಬರುತ್ತಾರೆ. ಮಧ್ಯಾಹ್ನ ಗಿರಿಜಾ ಎದ್ದು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದಳು.

"ಯಾರಿಗೆ ಅಂಜತೀ ಯವ್ವಾ ನಮ್ಮ ಮನಿಯಾಗ?" ಎಂದು ಅವಳ ತಾಯಿ ಕೇಳಿದರು.

"ಅಂಜಿಕಿ ಅಲ್ಲ ಯವ್ವಾ. ಮನಿಯಾಗಿನ ರೂಢಿ."

"ಯಾವ ಮನಿಯಾಗಿನ?"

ಗಿರಿಜಾ ಅಗುಳಿಯ ಮೇಲೆ ಕೈಯಿಟ್ಟು, ಆ ಕಡೆಯದು ಬೀಳುವ ಸದ್ದಿಗೆ ಕಾದವಳಂತೆ ನಿಂತಳು. ಅತ್ತೆ ನನ್ನ ಕಡೆ ನೋಡಿದರು. ನಾನು ಓದುತ್ತಿದ್ದ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ.